ಹಳೆ ಕಬ್ಬಿಣ ಕೂಡಿಸಲು ದಾಂಡೇಲಿಗೆ

ಮುಂಡಗೋಡದಿಂದ ಬೆಳಿಗ್ಗೆ ಏಳರ ಬಸ್ಸು ಹತ್ತಿದೆ. ಕಲಘಟಗಿಯಲ್ಲೊಮ್ಮೆ, ಹಳಿಯಾಳದಲ್ಲೊಮ್ಮೆ ಬಸ್ಸು ಬದಲಿಸಬೇಕು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಇಕ್ಕಳ, ಸುತ್ತಿಗೆ ತುಂಬಿದ ಗೋಣಿಚೀಲಕ್ಕೆ ಮಾತ್ರ ಕಂಡಕ್ಟರು ಲಗೇಜ್ ಚೀಟಿ ಹರಿದ. "ನಿಮಗಿಂತ ಚೀಲಾನ ತುಟ್ಟಿ ಆತಲ್ರೀ ಅಕ್ಕಾರ" ಎಂದ. ನಗಬೇಕಿತ್ತು, ನಗು ಬರಲಿಲ್ಲ.

ಆ ಇಕ್ಕಳ ನಮ್ಮ ಯಜಮಾನರದು. ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅದು ತಿಳಿಯದೆ, ದಾಂಡೇಲಿಯ ಅಂಬೇವಾಡಿಯಲ್ಲಿ ಗ್ಯಾರೇಜು ಇಟ್ಟಿರುವ ದಸ್ತಗೀರ ಸಾಬರು ಫೋನ್ ಮಾಡಿದ್ದರು. ಕೋಗಿಲಬನದ ಒಂದು ಮನೆಯ ಹಳೇ ಗೇಟು ರಿಪೇರಿಗೆ ಬಂದಿದೆ, ಈರಣ್ಣನನ್ನು ಕಳಿಸು ಎಂದರು. ನಾನು "ಬರ್ತೇವ್ರಿ" ಅಂದುಬಿಟ್ಟೆ. ಸುಳ್ಳು ಹೇಳಿದೆ ಅನ್ನಿ. ನಿಜ ಹೇಳಿದ್ದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು, ನಾನು ಕುಲುಮೆ ಮುಚ್ಚಬೇಕಾಗುತ್ತಿತ್ತು.

ಹಳಿಯಾಳದಲ್ಲಿ ಬಸ್ಸಿಗೆ ಅರ್ಧ ಗಂಟೆ ಕಾದೆ. ಗಿರಮಿಟ್ಟು ತಿಂದೆ, ರುಚಿ ತಿಳಿಯಲಿಲ್ಲ. ಅಲ್ಲಿಂದ ಮುಂದೆ ಸಾಗವಾನಿ ಕಾಡು. ದಾಂಡೇಲಿ ಮುಟ್ಟುವಾಗ ಬಿಸಿಲು ಏರಿತ್ತು.

"ಈರಣ್ಣ ಎಲ್ಲಿ, ಭಾಬಿ?" ಸಾಬರು ಗ್ಯಾರೇಜಿನ ಬಾಗಿಲಲ್ಲೇ ಕೇಳಿದರು. ಹೇಳಿದೆ. ಸಾಬರು ಟೋಪಿ ಸರಿಮಾಡಿಕೊಂಡರು.

"ಮೊದಲ ಹೇಳಬಾರದೇನವಾ?"

"ಹೇಳಿದ್ರ ನನ್ನ ಕರೀತಿದ್ರೇನ್ರಿ?"

ಅವರು ನನ್ನ ಚೀಲ ಎತ್ತಿಕೊಂಡು ಒಳಗೆ ನಡೆದರು.

ಕೆಡವಿದ ಯಾವುದೋ ಕಟ್ಟಡದ ಸರಳುಗಳನ್ನು ಅವರು ಗುಜರಿಯಿಂದ ತಂದಿಟ್ಟಿದ್ದರು. ಗೇಟಿನದೂ ಅದೇ ಜಾತಿಯ ಹಳೆ ಕಬ್ಬಿಣ. ಅದಕ್ಕೆ ಕಟ್ಟಿಗೆಯಂತೆ ನಾರಿರುತ್ತದೆ. ಬೆಳ್ಳಗೆ, ಕಿಡಿ ಹಾರುವಷ್ಟು ಕಾಸಬೇಕು. ಆರಿ ಕೆಂಪಗಾಗುವ ಮೊದಲೇ ಬಡಿಯುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ನಾರು ಬಿಟ್ಟು ಸೀಳುತ್ತದೆ. ಸಾಬರ ವೆಲ್ಡರ್ ಬರೀ ಕೆಂಪಗೆ ಕಾಸಿ ಬಡಿದು ಎರಡು ಸರಳು ಸೀಳಿಹಾಕಿದ್ದ.

"ಇನ್ನ ಎರಡ ಉಳದಾವು" ಎಂದರು ಸಾಬರು. "ಕೂಡಿಸಿ ತೋರಸು. ಕೂಡಿದ್ರ ಗೇಟು ನಿಂದು. ಸೀಳಿದ್ರ ಆಗೂದಿಲ್ಲ ನೋಡವಾ."

ನಮ್ಮ ಕುಲುಮೆಯಲ್ಲಿ ಇಕ್ಕಳ, ಸಣ್ಣ ಸುತ್ತಿಗೆ ಗಂಡನದು. ದೊಡ್ಡ ಸುತ್ತಿಗೆ ಹೆಂಡತಿಯದು. ಅವನು ಸಣ್ಣದರಿಂದ ತಟ್ಟಿ ತೋರಿಸಿದಲ್ಲಿ ಅವಳು ಹೊಡೆಯಬೇಕು. ಸಾಕು ಅನ್ನುವುದಕ್ಕೆ ಅವನು ಕಾದ ಕಬ್ಬಿಣ ಬಿಟ್ಟು, ಅದರ ಕೆಳಗಿನ ಅಡಿಗಲ್ಲನ್ನೇ ಒಮ್ಮೆ ತಟ್ಟುತ್ತಾನೆ. ಇಪ್ಪತ್ತೆರಡು ವರ್ಷ ಆ ಸದ್ದು ಕೇಳಿಯೇ ನಾನು ಕೈ ನಿಲ್ಲಿಸಿದವಳು.

ಈಗ ಇಕ್ಕಳ, ಸಣ್ಣ ಸುತ್ತಿಗೆ ನಾನು ಹಿಡಿದೆ. ಎರಡನೆಯ ಸರಳು ವೆಲ್ಡರ್ ಹಿಡಿದ. ದೊಡ್ಡ ಸುತ್ತಿಗೆಯನ್ನು ಅರವತ್ತು ದಾಟಿದ ಸಾಬರೇ ಎತ್ತಿಕೊಂಡರು. ತುದಿಗಳು ಬೆಳ್ಳಗಾದವು. ಬೆಸುಗೆ ಹಿಡಿಯಲೆಂದು ಸಣ್ಣ ಮರಳು ಚಿಮುಕಿಸಿ, ಒಂದರ ಮೇಲೊಂದು ಇಡಿಸಿ ತಟ್ಟಿದೆ. ಸಾಬರು ಹೊಡೆದರು. ಮೂರನೆಯ ಏಟಿಗೆ ಕೂಡಿತು.

ಬೆಳ್ಳಗಿದ್ದದ್ದು ಹಳದಿಯಾಯಿತು, ಕೆಂಪಿಗೆ ತಿರುಗತೊಡಗಿತು. ಸಾಬರು ಹೊಡೆಯುತ್ತಲೇ ಇದ್ದರು. ನಾನು ಕಾಯುತ್ತಿದ್ದೆ.

"ಭಾಬಿ, ಸಾಕೋ ಬೇಕೋ!" ಸಾಬರು ಏದುಸಿರಲ್ಲಿ ಕೂಗಿದರು.

ಆಗ ಗೊತ್ತಾಯಿತು, ನಾನು ಕಾಯುತ್ತಿದ್ದದ್ದು ಅಡಿಗಲ್ಲಿನ ಸದ್ದಿಗೆ. ತಟ್ಟಬೇಕಾದವಳು ನಾನೇ. ತಟ್ಟಿದೆ. ಸಾಬರ ಕೈ ನಿಂತಿತು.

ಸರಳು ಸೀಳಿರಲಿಲ್ಲ. ಬೆಸುಗೆ ಆರಿದ ಮೇಲೆ ಸಾಬರು ಅದನ್ನು ಉಗುರಿನಿಂದ ಕೆರೆದು ನೋಡಿದರು. "ಗೇಟು ನಿಂದ ಆತು. ಇನ್ನ ಮುಂದ ಜಲ್ದಿ ತಟ್ಟವಾ, ನನಗೂ ವಯಸ್ಸಾಗೇತಿ" ಎಂದರು.

ನಾಲ್ಕರ ಬಸ್ಸಿಗೆ ಹೊರಟೆ. ಕಿಟಕಿಯ ಪಕ್ಕ ಕೂತು ಊರು ಮರೆಯಾಗುವತನಕ ಅತ್ತೆ. ಮಣ್ಣು ಕೊಟ್ಟು ಬಂದಿದ್ದೆ, ಬಂದವರೆಲ್ಲ ಸಮಾಧಾನ ಹೇಳಿ ಹೋಗಿದ್ದರು. ಆದರೆ ಯಜಮಾನರು ಇನ್ನಿಲ್ಲ ಎಂಬುದು ನನಗೆ ತಿಳಿದದ್ದು ಆ ಮಧ್ಯಾಹ್ನ, ಅಂಬೇವಾಡಿಯಲ್ಲಿ.