ಕೋಳಿವೇಷದ ಅಳತೆ

ಟೈಲರಮ್ಮನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಕೂತು ಕೂತು ಒಂದು ಹಳ್ಳ ಬಿದ್ದಿತ್ತು. ಕಡಲೆಕಾಳು ಇಟ್ಟರೆ ಉರುಳದೆ ನಿಲ್ಲುವಂಥ ಹಳ್ಳ. ಸುತ್ತಲಿನ ಚರ್ಮ ಕಪ್ಪಾಗಿ ಜಡ್ಡುಗಟ್ಟಿತ್ತು. ಆ ಕತ್ತರಿಯನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಕಾಗದ ಕತ್ತರಿಸಿ ವಾಪಸ್ ಕೊಡ್ತೀನಿ ಅಂತ ಕೇಳಿದರೆ, ತಮ್ಮ ಕೊರಳನ್ನೇ ಕೇಳಿದ ಹಾಗೆ ನೋಡುತ್ತಿದ್ದರು. ಅದು ಅಂಗಡಿಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿದ್ದು ಒಂದೇ ಸಲ. ಆ ಸಲ ಕಂಡದ್ದನ್ನು ನೆನೆದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹಳೇ ಕಟ್ಟಡ. ಕೆಳಗೆ ನನ್ನ ಜೆರಾಕ್ಸ್ ಅಂಗಡಿ, ಮೇಲೆ ಅವರ ಹೊಲಿಗೆ ಅಂಗಡಿ. ಮೇಗುಂದದ ಕಡೆಯವರು, ಗಂಡ ತೀರಿಕೊಂಡ ಮೇಲೆ ಪೇಟೆಗೆ ಬಂದು ಮಿಷನ್ ಹಾಕಿದವರು. ಮಿತಭಾಷಿ ಅಂತ ಬರೆದರೆ ಅಪ್ಪಟ ಸುಳ್ಳಾಗುತ್ತದೆ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇಡೀ ಪೇಟೆಯ ಸುದ್ದಿ ಹೇಳಬಲ್ಲವರು. ಆದರೆ ಅಳತೆ ಕೊಟ್ಟವರ ವಿಷಯ ಬಂದರೆ ಮಾತ್ರ ಬಾಯಿಗೆ ಬೀಗ. ಇನ್ನೊಂದು ಹಟವೂ ಇತ್ತು: ಬೇರೆಯವರು ಹೊಲಿದ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಯಾರಾದರೂ ಆಲ್ಟರೇಷನ್ನಿಗೆ ತಂದರೆ ಕೂತು ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರು.

“ಕತ್ತರಿಸಿ ಬಿಸಾಕಿ ಟೈಲರಮ್ಮ, ಬೇಗ ಆಗ್ತದೆ” ಅಂದರೆ, “ಅವನೂ ಕಣ್ಣು ನೋಯಿಸ್ಕೊಂಡು ಹೊಲಿದಿರ್ತಾನೆ ಮಾರಾಯ್ತಿ. ಇನ್ನೊಬ್ಬರ ಕೆಲಸಕ್ಕೆ ಕತ್ತರಿ ಹಾಕಕ್ಕೆ ನಂಗೆ ಕೈ ಬರೋದಿಲ್ಲ” ಅನ್ನುತ್ತಿದ್ದರು.

ಶಾಲೆಯ ಫ್ಯಾನ್ಸಿ ಡ್ರೆಸ್ಸಿಗೆ ಹುಲಿ, ಕ್ಯಾರೆಟ್ಟು ಅಂತ ಹೊಲಿಯುತ್ತಿದ್ದವರಿಗೆ ತಿಂಡಿ ಅಂಗಡಿಗಳ ಗೊಂಬೆವೇಷ ಗಂಟುಬಿದ್ದದ್ದು ಈಚೆಗೆ. ಮೊದಲು ಒಂದು ಬೇಕರಿಯವರು ಉದ್ದ ಟೊಪ್ಪಿಯ ಡೊಳ್ಳುಹೊಟ್ಟೆ ಅಡುಗೆಯವನ ವೇಷ ಹೊಲಿಸಿದರು. ಅದನ್ನು ನೋಡಿ ಶೃಂಗೇರಿಯ ಐಸ್‌ಕ್ರೀಮಿನವರು ಬಿಳಿ ಕರಡಿ ಕೇಳಿದರು. ನರಸಿಂಹರಾಜಪುರದಲ್ಲಿ ಬರ್ಗರ್ ಮಾರುವವನಿಗೆ ಕೈಕಾಲು ಬಂದ ಬರ್ಗರೇ ಬೇಕಾಯಿತು. ಮಾದರಿ ಚಿತ್ರ ಹುಡುಕಿ ಪ್ರಿಂಟ್ ತೆಗೆದುಕೊಡುವ ಕೆಲಸ ನನ್ನದು. ಹಾಗೆ ಹುಡುಕುತ್ತಾ ಹೊರದೇಶದ ಹಳೇ ಹಳೇ ಜಾಹೀರಾತಿನ ಗೊಂಬೆಗಳೆಲ್ಲ ನನ್ನ ಕಂಪ್ಯೂಟರಿನಲ್ಲಿ ಬಂದು ಹಲ್ಲು ಕಿರಿಯುತ್ತಿದ್ದವು. ಟೈಲರಮ್ಮ ಕುರ್ಚಿ ಎಳೆದುಕೊಂಡು ಕೂತು ಒಂದೊಂದನ್ನೂ ಸೊಸೆ ನೋಡಲು ಬಂದವರ ಹಾಗೆ ಪರೀಕ್ಷೆ ಮಾಡುತ್ತಿದ್ದರು.

“ನೋಡಿದ್ಯಾ,” ಅಂದರು ಒಂದು ದಿನ, “ಮೊದ್ಲು ಅಡುಗೆಯೋನೇ ಬಾಗಿಲಲ್ಲಿ ನಿಂತು ಬನ್ನಿ ಊಟಕ್ಕೆ ಅಂತಿದ್ದ. ಆಮೇಲೆ ಮಕ್ಕಳನ್ನ ಕರಿಯಕ್ಕೆ ಬಫೂನ್ ಬಂದ. ಈಗ ಕೋಳಿನೇ ಬಂದು, ನಾ ರುಚಿಯಾಗಿದೀನಿ, ನನ್ನ ತಿನ್ನಿ ಅಂತದೆ! ನಗು ಬೇರೆ! ಎಂಥ ಕಾಲ ಬಂತೇ ಇದು?” ಅವರು ನಿಜವಾಗಿಯೂ ಬೆಚ್ಚಿದ್ದರು. ನನಗೆ ನಗು ತಡೆಯಲಾಗಲಿಲ್ಲ.

ಇನ್ನೊಂದು ತಕರಾರು ಚಿತ್ರಗಳ ಮೇಲೆ. ಎಲ್ಲ ಗೊಂಬೆಗಳೂ ಎದುರಿಗೇ ನಿಂತಿರುತ್ತಿದ್ದವು. “ಇದಕ್ಕೆ ಬೆನ್ನು ಇಲ್ವನೇ? ಜಿಪ್ಪು ಎಲ್ಲಿದೆ ಅಂತ ನೋಡ್ಬೇಕು” ಅನ್ನುತ್ತಿದ್ದರು. ತಾವು ಹೊಲಿದ ವೇಷಕ್ಕೆಲ್ಲ ಎದೆಯ ಮೇಲೆ, ತುಪ್ಪಳದ ಅಡಿಯಲ್ಲಿ, ಒಳಗಿನಿಂದ ಎಳೆಯುವ ಜಿಪ್ಪು ಇಡುತ್ತಿದ್ದರು. “ಒಳಗೆ ಮನುಷ್ಯ ಇರ್ತಾನಲ್ಲ. ಅವನಿಗೆ ಸಾಕು ಅನಿಸಿದ್ರೆ ಅವನೇ ಹೊರಗೆ ಬರ್ಬೇಕು, ಇನ್ನೊಬ್ಬರನ್ನ ಕಾಯೋ ಹಾಗಾಗಬಾರದು.”

ಒಂದು ವರ್ಷ ಬೇಸಿಗೆಯಲ್ಲಿ ನಮ್ಮ ಪೇಟೆಗೆ ಫ್ರೈಡ್ ಚಿಕನ್ ಅಂಗಡಿ ಬರುವುದಿತ್ತು. ಅದರ ಮಾಲೀಕ ಟೈಲರಮ್ಮನಿಗೆ ಕೆಲಸ ಕೊಡದೆ ಆನ್‌ಲೈನಿನಲ್ಲಿ ರೆಡಿಮೇಡ್ ಕೋಳಿವೇಷ ತರಿಸಿದ. ತರಿಸಿದ್ದು ಆನೆಗಾತ್ರ. ಕಾಲು ಗಿಡ್ಡ ಮಾಡಿಕೊಡಿ ಅಂತ ಹೊತ್ತು ತಂದಾಗ ನಾನೂ ಮೇಲೆ ಇದ್ದೆ. ಟೈಲರಮ್ಮ ಅದನ್ನು ಮಗುಚಿ ಹಾಕಿ ನೋಡಿ ಮುಖ ಗಂಟಿಕ್ಕಿದರು. ಜಿಪ್ಪು ಬೆನ್ನಿಗಿತ್ತು, ಹೊರಗಡೆಯಿಂದ ಮಾತ್ರ ಎಳೆಯುವಂಥದ್ದು. ತಲೆಯನ್ನು ಕುತ್ತಿಗೆಯ ಹಿಂದೆ ಕೊಕ್ಕೆಗಳಿಂದ ಬಿಗಿಯಬೇಕಿತ್ತು.

“ಹಾಕ್ಕೊಂಡೋನು ಹೊರಗೆ ಬರೋದು ಹೇಗೆ? ಮುಂದಿನ ಹೊಲಿಗೆ ಬಿಚ್ಚಿ ಒಂದು ಜಿಪ್ಪು ಕೂರಿಸಿ ಕೊಡ್ತೀನಿ, ಬಿಟ್ಟು ಹೋಗಿ.”

“ಟೈಮಿಲ್ಲಮ್ಮ, ನಾಳಿದ್ದೇ ಓಪನಿಂಗ್. ಕಾಲು ಒಂದು ಗಿಡ್ಡ ಮಾಡಿ ಸಾಕು. ಅಳತೆ ಕೊಡಕ್ಕೆ ಹಾಕ್ಕೊಳ್ಳೋರನ್ನೇ ಕಳಿಸ್ತೀನಿ” ಅಂದ ಮಾಲೀಕ.

ಅದೇ ಅಂಗಡಿಯಲ್ಲಿ ನನ್ನ ಅಪ್ಪನಿಗೂ ಕೆಲಸ ಸಿಕ್ಕಿತ್ತು. ಅಪ್ಪ ಶೆಟ್ಟಿಕೊಪ್ಪದಿಂದ ಇಲ್ಲಿಗೆ ಗೂಡ್ಸ್ ಆಟೋ ಹೊಡೆಯುತ್ತಿದ್ದವರು. ಕಣ್ಣು ಮಂಜಾಗಿ ಲೈಸೆನ್ಸ್ ರಿನ್ಯೂ ಆಗದೆ ಆಟೋ ಮಾರಬೇಕಾಯಿತು. ಮನೆಯಲ್ಲಿ ಕೂತು ಕೂತು ಚಡಪಡಿಸುತ್ತಿದ್ದರು. ಕೋಳಿ ಅಂಗಡಿಯಲ್ಲಿ ಪಾರ್ಕಿಂಗ್ ಸೂಪರ್‌ವೈಜರ್ ಆಗಿದ್ದೇನೆ ಅಂದಾಗ ಅಮ್ಮ ಪಾತ್ರೆ ಕುಕ್ಕಿದಳು. ನಮ್ಮದು ಲಿಂಗಪೂಜೆಯ ಮನೆ, ಮೊಟ್ಟೆ ಹಾಕಿದ ಕೇಕೂ ಒಳಗೆ ಬರುವುದಿಲ್ಲ. “ನಾನು ಹೊರಗೆ ನಿಲ್ಲೋದು ಮಾರಾಯ್ತಿ, ಒಳಗೆ ಕಾಲಿಡೋದಿಲ್ಲ” ಅಂತ ಅಪ್ಪ ಆಣೆ ಮಾಡಿದರು.

ಓಪನಿಂಗ್ ದಿನ ಮಧ್ಯಾಹ್ನ. ಕರೆಯದಿದ್ದರೂ ಟೈಲರಮ್ಮ ಅಂಗಡಿಗೆ ಬೀಗ ಹಾಕಿ, “ಬಾ, ನೋಡ್ಕೊಂಡು ಬರಾಣ” ಅಂತ ನನ್ನನ್ನು ಎಬ್ಬಿಸಿದರು. ಹೆಗಲಲ್ಲಿ ಅವರ ವ್ಯಾನಿಟಿ ಬ್ಯಾಗು. ಬಿಸಿಲು ನೆತ್ತಿ ಸುಡುತ್ತಿತ್ತು. ಚಂಡೆಯವರು ಬಾರಿಸುತ್ತಿದ್ದರು, ಅವರ ಮುಂದೆ ಆ ಹಳದಿ ಕೋಳಿ ಕೈಯಾಡಿಸುತ್ತಾ ಕುಣಿಯುತ್ತಿತ್ತು. ಮಕ್ಕಳು ಅದರ ಬಾಲ ಎಳೆದು ಕೇಕೆ ಹಾಕುತ್ತಿದ್ದವು. ಅಪ್ಪ ಎಲ್ಲೂ ಕಾಣಲಿಲ್ಲ. ಪಾರ್ಕಿಂಗ್ ಕಡೆ ಇರಬೇಕು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಕೋಳಿಯ ಕುಣಿತ ಬದಲಾಯಿತು. ಮೈ ಗಡಗಡ ನಡುಗುತ್ತಿತ್ತು. ಎರಡೂ ಕೈ ಮೇಲೆತ್ತಿ ಕುತ್ತಿಗೆಯ ಹಿಂದೆ ಹುಡುಕಾಡಿತು, ಒಂದು ಸುತ್ತು ತಿರುಗಿತು, ಮೊಣಕಾಲೂರಿ ಬಿತ್ತು. ಚಂಡೆಯವರಿಗೆ ಇನ್ನೂ ಹುರುಪು ಬಂತು. ಗುಂಪಿನಲ್ಲಿ ಒಬ್ಬರು ಹಿರಿಯರು ಎರಡೂ ಕೈ ಚಾಚಿ ಜನರನ್ನು ಹಿಂದೆ ತಳ್ಳಿದರು.

“ಮೈಮೇಲೆ ಬಂತು! ಸರೀರಿ, ಸರೀರಿ, ಯಾರೂ ಮುಟ್ಬೇಡಿ!”

ಜನ ನಿಜವಾಗಿಯೂ ಹಿಂದೆ ಸರಿದರು. ಚಂಡೆಯ ಅಬ್ಬರಕ್ಕೆ ದೇವರು ಬಂದವರನ್ನು ಮುಟ್ಟಬಾರದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದಿಬ್ಬರು ಹೆಂಗಸರು ಕೈ ಮುಗಿದರು. ಕೋಳಿ ಬಿದ್ದಲ್ಲೇ ಒದ್ದಾಡುತ್ತಿತ್ತು.

ಟೈಲರಮ್ಮ ಹಿರಿಯರ ಕೈಯನ್ನು ತಳ್ಳಿಕೊಂಡು ಓಡಿದರು. ಅದರ ಮೇಲೆ ಮೊಣಕಾಲೂರಿ ಕೂತರು, ಬ್ಯಾಗಿಗೆ ಕೈ ಹಾಕಿದರು, ಹೊರಗೆ ಬಂದದ್ದು ಆ ಕತ್ತರಿ. ನೋಡನೋಡುತ್ತಿದ್ದಂತೆ ಕೋಳಿಯ ಗಂಟಲಿನಿಂದ ಹೊಟ್ಟೆಯವರೆಗೆ ಸೀಳಿಬಿಟ್ಟರು! ಸ್ಪಂಜು, ಹತ್ತಿ ಚೆಲ್ಲಾಡಿತು. ಮಕ್ಕಳು ಕಿಟಾರನೆ ಕಿರುಚಿಕೊಂಡವು. ಒಬ್ಬ ತಾಯಿ ಮಗುವಿನ ಕಣ್ಣು ಮುಚ್ಚಿದಳು. ಮಾಲೀಕ “ಏ ಅಮ್ಮ, ಎಂತ ಮಾಡ್ತಿದೀರಿ!” ಅಂತ ಬೊಬ್ಬೆ ಹಾಕಿದ. ನಾನೂ ಓಡಿಹೋಗಿ ಅವರ ತೋಳು ಹಿಡಿದು ಜಗ್ಗಿದೆ. “ಟೈಲರಮ್ಮ, ಹುಚ್ಚು ಹಿಡೀತಾ ನಿಮಗೆ?”

ಅವರು ತಿರುಗಿಯೂ ನೋಡದೆ ಸೀಳನ್ನು ಎರಡೂ ಕೈಯಿಂದ ಅಗಲಿಸಿದರು. ಕೋಳಿಯ ಹೊಟ್ಟೆಯೊಳಗೆ ಬೆವರಿನಲ್ಲಿ ತೊಯ್ದ ಬನಿಯನ್ ಕಂಡಿತು. ಅದರ ಮೇಲೆ ದಾರದಲ್ಲಿ ಕಟ್ಟಿದ ಬೆಳ್ಳಿಯ ಲಿಂಗದ ಕರಡಿಗೆ. ಅದರ ಒಂದು ಬದಿ ನಜ್ಜಾಗಿತ್ತು. ಚಿಕ್ಕವಳಿದ್ದಾಗ ಅದನ್ನು ಬಚ್ಚಲಿನ ಕಲ್ಲಿನ ಮೇಲೆ ಬೀಳಿಸಿದವಳು ನಾನೇ.

ನಾನು ಟೈಲರಮ್ಮನ ತೋಳು ಬಿಟ್ಟು ಕೋಳಿಯ ತಲೆಗೆ ಕೈ ಹಾಕಿದೆ. ತಲೆಯನ್ನು ಕಿತ್ತು ತೆಗೆದಾಗ ಅಪ್ಪನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ತುಟಿ ಬಿಳಿಚಿತ್ತು.

“ಅಳೋದು ಆಮೇಲೆ. ನೀರು ತಾ!” ಅಂತ ಟೈಲರಮ್ಮ ಗದರಿದರು. ಚಂಡೆ ಆಗ ನಿಂತಿತು.

ಅಪ್ಪ ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ ಅಂದರು ಡಾಕ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಟೈಲರಮ್ಮನ ಪಕ್ಕ ಕೂತಾಗ ನನಗೆ ಹೊಳೆಯಿತು.

“ನಿಮಗೆ ಗೊತ್ತಿತ್ತು ಅಲ್ವಾ? ಅದಕ್ಕೇ ಕತ್ತರಿ ತಂದಿದ್ರಿ.”

“ಅಳತೆ ತಗೊಂಡೋಳು ನಾನೇ ಅಲ್ವನೇ.”

“ನನಗೆ ಹೇಳ್ಬೇಕು ತಾನೇ? ಕೆಳಗೇ ಇದ್ದೆನಲ್ಲ!”

“ಮಗಳಿಗೆ ಹೇಳ್ಬೇಡಿ ಅಂತ ಕೈ ಮುಗಿದ್ರು. ಅಳತೆ ಕೊಟ್ಟೋರ ಗುಟ್ಟು ನಾ ಹೇಗೆ ಹೇಳ್ಲಿ? ಹೇಳಕ್ಕೆ ಆಗ್ಲಿಲ್ಲ, ಸುಮ್ನಿರಕ್ಕೂ ಆಗ್ಲಿಲ್ಲ. ಅದಕ್ಕೆ ಬಂದೆ.” ಹೆಬ್ಬೆರಳಿನ ಹಳ್ಳವನ್ನು ಉಜ್ಜಿಕೊಂಡರು. ಆಮೇಲೆ, “ಪಾಪ, ಯಾರು ಹೊಲಿದಿದ್ರೋ. ಒಳ್ಳೇ ಕೈ ಕಣೆ, ಒಂದು ಹೊಲಿಗೆನೂ ತಪ್ಪಿರ್ಲಿಲ್ಲ” ಅಂದರು. ಆಗ ಅವರ ಕಣ್ಣು ತುಂಬಿತು.

ಮಾಲೀಕ ಆಸ್ಪತ್ರೆಗೆ ಬಂದು ತಪ್ಪಾಯಿತು ಅಂದ. ವೇಷವನ್ನು ಟೈಲರಮ್ಮನೇ ಕೇಳಿ ತರಿಸಿಕೊಂಡರು. ತಾವೇ ಕೊಯ್ದ ಜಾಗದಲ್ಲಿ ಒಳಗಿನಿಂದ ಎಳೆಯುವ ಜಿಪ್ಪು ಕೂರಿಸಿದರು. ಅಪ್ಪ ಚೇತರಿಸಿಕೊಂಡವರೇ ಮತ್ತೆ ಅದೇ ಕೆಲಸಕ್ಕೆ ಹೊರಟಾಗ ಅಮ್ಮನೂ ನಾನೂ ರಂಪ ಮಾಡಿದೆವು. “ಈಗ ಭಯ ಇಲ್ಲ. ಮಕ್ಕಳು ಕೈ ಕುಲುಕ್ತಾವೆ. ಮನೇಲಿ ನಂಗೆ ಯಾರು ಕೈ ಕುಲುಕ್ತೀರಿ?” ಅಂದುಬಿಟ್ಟರು.

ಟೈಲರಮ್ಮ ಹೋದ ವರ್ಷ ಒಂದು ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಬಾಡಿಗೆ ಮನೆಯ ಜಗಲಿಯ ಮೇಲೆ ಮಲಗಿಸಿದ್ದರು. ನಾನು ಅವರ ಬಲಗೈ ಹಿಡಿದು ಕೂತಿದ್ದೆ. ಕೋಳಿ ಅಂಗಡಿಯಲ್ಲಿ ಕೆಲಸದಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದವಳೂ ನಾನೇ. ಇದ್ದಕ್ಕಿದ್ದಂತೆ ಜಗಲಿಯಲ್ಲಿ ಗುಜುಗುಜು ಎದ್ದಿತು. ತಲೆಯೆತ್ತಿದರೆ ಆ ಹಳದಿ ಕೋಳಿ ಅಂಗಳಕ್ಕೆ ಬಂದು ನಿಂತಿತ್ತು! ಕೊಕ್ಕಿನಲ್ಲಿ ಅದೇ ನಗು.

“ಏ, ಯಾರದು? ಸಾವಿನ ಮನೇಲಿ ಎಂಥ ಹುಡುಗಾಟ!” ಅಂತ ಅವರ ನೆಂಟರೊಬ್ಬರು ತಳ್ಳಲು ಎದ್ದರು. ಕೋಳಿ ಅಲುಗಲಿಲ್ಲ. ನಾನೂ ಏಳಲು ಹೋದೆ, ಬಿಚ್ಚಿಕೊಡಬೇಕು ಅಂತ.

ಅಷ್ಟರಲ್ಲಿ ಎದೆಯ ತುಪ್ಪಳ ಒಳಗಿನಿಂದ ಒಂದಿಷ್ಟು ಉಬ್ಬಿತು. ಜಿಪ್ಪು ಸರ್ರನೆ ಕೆಳಗಿಳಿಯಿತು. ಯಾರೂ ಮುಟ್ಟಲಿಲ್ಲ, ಯಾರೂ ಎಳೆಯಲಿಲ್ಲ. ಒದ್ದೆ ಬನಿಯನ್ನಿನಲ್ಲಿ, ನಜ್ಜಾದ ಕರಡಿಗೆಯನ್ನು ಎದೆಗೆ ಒತ್ತಿಕೊಂಡು, ಅಪ್ಪ ತಾವೇ ಹೊರಗೆ ಬಂದರು.