ಹೆಣ್ಣುಹಕ್ಕಿಯ ಮುಂದೆ ಅಕ್ಕೋರು

ನಮ್ಮ ವಿಜ್ಞಾನದ ಅಕ್ಕೋರು ಏನನ್ನೇ ದಿಟ್ಟಿಸಿ ನೋಡಲಿ, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅವರ ಹಳೆಯ ದುರ್ಬೀನಿನಲ್ಲಿ ಬಲಗಡೆಯ ಗಾಜೊಂದೇ ನೆಟ್ಟಗಿದ್ದದ್ದು; ಅದರಲ್ಲಿ ನೋಡಿ ನೋಡಿ ಬಂದ ರೂಢಿ. ಮೂಡಲಗಿಯ ಸಾಲೆಗೆ ಬಂದ ಹೊಸತರಲ್ಲಿ, ತಮಗೇ ಕಣ್ಣು ಹೊಡೆದರೆಂದು ಹೆಡ್‌ಮಾಸ್ತರರು ಗಾಬರಿಯಾಗಿದ್ದರಂತೆ!

ಚಳಿಗಾಲದಲ್ಲಿ ಕಲ್ಲೋಳಿ ಕಡೆಯ ಜೋಳದ ಹೊಲಗಳಿಗೆ ಹಳದಿ ಹೊಟ್ಟೆಯ ವಲಸೆ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಬಂಟಿಂಗ್ ಎಂದು ಹೆಸರು. ಅದರಲ್ಲಿ ಎರಡು ಜಾತಿ. ಗಂಡುಗಳದೇನೂ ತಕರಾರಿಲ್ಲ. ಒಂದಕ್ಕೆ ಕರಿತಲೆ, ಕಂದುಗೆಂಪು ಬೆನ್ನು. ಇನ್ನೊಂದಕ್ಕೆ ಕೆಂಪುತಲೆ, ಹಸಿರುಛಾಯೆಯ ಬೆನ್ನು. ಹೆಣ್ಣುಗಳು ಮಾತ್ರ ಎರಡೂ ಮಾಸಲು ಮಣ್ಣಿನ ಬಣ್ಣ. ಅಕ್ಕೋರು ನಮ್ಮನ್ನು ಬದುವಿನ ಮೇಲೆ ಕೂರಿಸಿ, ಒಂದು ಹೆಣ್ಣುಹಕ್ಕಿಯ ಬೆನ್ನು, ಕೊಕ್ಕು, ಬಾಲದ ಬುಡ ಎಲ್ಲ ಜಾಲಾಡಿ, ಕೊನೆಗೆ ದುರ್ಬೀನು ಇಳಿಸುತ್ತಿದ್ದರು.

“ಗೊತ್ತಾಗವಲ್ದು ಬಿಡ್ರವಾ. ನಡೀರಿ, ಹೊಟ್ಟಿ ಹಸದೈತಿ.”

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟೊತ್ತು ಬಿಸಿಲಲ್ಲಿ ಕೂರಿಸಿ ಹೀಗನ್ನುವುದೇ? “ಕೆಂಪ ತಲೀದ ಅಂದಬಿಡ್ರಿ ಅಕ್ಕೋರ, ಯಾರ ಕೇಳ್ತಾರ?” ಎಂದೆ ಒಮ್ಮೆ.

“ಯಾರೂ ಕೇಳೂದಿಲ್ಲ, ಖರೆ. ಅದಕ್ಕ ಹೇಳಬಾರ್ದು,” ಎಂದು ರೊಟ್ಟಿಯ ಗಂಟು ಬಿಚ್ಚಿದರು.

ಈಗ ನಾನು ಗೋಕಾಕದಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿದ್ದೇನೆ. ಹೋದ ವರ್ಷ, ನಿವೃತ್ತರಾಗಿ ಹುಕ್ಕೇರಿಯಲ್ಲಿದ್ದ ಅಕ್ಕೋರೇ ಬಿಡದ ಜ್ವರ ಹೊತ್ತುಕೊಂಡು ಬಂದರು. ಅವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ವಿಚಿತ್ರ ಆಕಾರದ ಬಿಳಿಕಣಗಳು. ವೈರಸ್ ಜ್ವರದಲ್ಲೂ ಹಾಗೆ ಕಾಣುತ್ತವೆ, ರಕ್ತದ ಕ್ಯಾನ್ಸರಿನಲ್ಲೂ ಹಾಗೇ. ಎಷ್ಟು ನೋಡಿದರೂ ಇಂಥದೇ ಎನ್ನಲು ಬರಲಿಲ್ಲ.

“ಏನೈತಿ ಯವ್ವಾ?” ಹೊರಗೆ ಬೆಂಚಿನ ಮೇಲಿದ್ದ ಅಕ್ಕೋರು ಕೇಳಿದರು. ಏನೂ ಇಲ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಗೊತ್ತಾಗವಲ್ದು ಅಕ್ಕೋರ. ರಕ್ತಾ ಬೆಳಗಾವಿಗೆ ಕಳಸ್ತೇನಿ, ದೊಡ್ಡ ಡಾಕ್ಟರು ನೋಡ್ತಾರ.”

“ಶಾಣ್ಯಾಕಿ,” ಎಂದು ಎದ್ದು ಬಸ್ಸಿಗೆ ಹೋದರು.

ಕೆಲವು ದಿನಕ್ಕೆ ಬೆಳಗಾವಿಯ ರಿಪೋರ್ಟು ಬಂತು. ಆ ಬಿಳಿಕಣಗಳು ಬರೀ ವೈರಸ್ ಜ್ವರದವು. ಅಬ್ಬಾ, ದೇವರೇ! ಕೂಡಲೇ ಫೋನ್ ಹಚ್ಚಿ ಹೇಳಿದೆ.

“ಅವತ್ತ ನೀ ಏನೂ ಇಲ್ಲ ಅಂದಿದ್ರ, ನಿನ್ನ ಮಾರಿ ನೋಡಿ ನಾ ನಂಬತಿದ್ದಿಲ್ಲವಾ,” ಎಂದರು ಅಕ್ಕೋರು. “ಗೊತ್ತಾಗವಲ್ದು ಅಂದಿ ನೋಡು, ಆರಾಮ ನಿದ್ದಿ ಬಂತು.”

ನನಗೆಲ್ಲಿಯ ನಿದ್ದೆ! ಅಷ್ಟು ದಿನ ತಡೆದದ್ದೆಲ್ಲ ಒಮ್ಮೆಲೇ ಒತ್ತಿ ಬಂದು, ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ.

“ಅಳು, ಅಳು,” ಎಂದರು ಆ ಕಡೆಯಿಂದ. “ರಿಪೋರ್ಟ ಬಂದಮ್ಯಾಲ ಅಳೂದ ಚಲೋ.”