ಹಾಡಿನ ಬದಲು ಹೇಳಿದ ಸಂಖ್ಯೆ

ಜಗಳೂರಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ನ್ಯಾಮತಿಗೆ ಬಂದಾಗ ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಹುಡುಗ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಜೊತೆಗೆ ಅವರ ಅಪ್ಪ, ಅಮ್ಮ, ಮತ್ತು ಎಲ್ಲರಿಗಿಂತ ಚುರುಕಾಗಿದ್ದ ಅಜ್ಜಿ. ಮಂಡಕ್ಕಿ ಮಿರ್ಚಿ ಮುಗಿಯುತ್ತಲೇ ಅಜ್ಜಿ ಕೇಳಿದರು, “ಒಂದು ಹಾಡು ಹೇಳಾಕೆ ಬರ್ತೈತೇನವ್ವ?”

ನನ್ನ ದನಿ ಹೇಗಿದೆ ಎಂದು ಬಲ್ಲ ಅಮ್ಮ ಗಡಿಬಿಡಿಯಿಂದ ಕಾಫಿ ತರಲು ಎದ್ದರು. ನಾನೇ ಹೇಳಿಬಿಟ್ಟೆ, “ಹಾಡು ಬರಂಗಿಲ್ಲ ಅಜ್ಜಿ. ಲೆಕ್ಕ ಬರ್ತೈತೆ.”

“ಹಂಗಾದ್ರೆ ಲೆಕ್ಕಾನೇ ಹೇಳು, ಕೇಳಾನ.”

ಬಾಗಿಲ ಮರೆಯಲ್ಲಿದ್ದ ಚಿಕ್ಕಮ್ಮ ಹಣೆ ಚಚ್ಚಿಕೊಂಡದ್ದು ಕಂಡಿತು. ಆದರೆ ಬಾಯಿಂದ ಬಿದ್ದ ಮಾತು ಬಿದ್ದಾಗಿತ್ತು. ನನಗೆ ಪ್ರೀತಿಯ ಸಂಖ್ಯೆಯೊಂದನ್ನು ಹುಡುಗನಿಗೆ ಹೇಳಿದೆ: ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಅವರು ಮೊಬೈಲಿನಲ್ಲಿ 142857 ಎಂದು ಒತ್ತಿದರು.

“ಎರಡರಿಂದ ಗುಣಿಸಿ.”

285714 ಬಂತು. ಮೂರರಿಂದ ಗುಣಿಸಿದರೆ 428571. ಅವರು ಒಂದೊಂದೇ ಅಂಕಿಯನ್ನು ಜೋರಾಗಿ ಓದುತ್ತಿದ್ದರು. ಅಜ್ಜಿ ಕೈ ಎತ್ತಿ ತಡೆದರು.

“ತಡಿಯಪ್ಪ. ಇವು ಅವೇ ಅಲ್ಲೇನು? ಸಾಲೂ ಅದೇ ಐತೆ. ಮುಂದೆ ಕುಂತೋರು ಮಾತ್ರ ಬೇರೆ.”

“ಹೌದಜ್ಜಿ,” ಎಂದೆ. ನನ್ನ ತರಗತಿಯಲ್ಲಿ ಇದನ್ನು ಇಷ್ಟು ಬೇಗ ಹಿಡಿದವರಿರಲಿಲ್ಲ.

ಹುಡುಗನ ಅಪ್ಪನಿಗೆ ಮೊಬೈಲಿನ ಮೇಲೆ ನಂಬಿಕೆ ಬರಲಿಲ್ಲ. ಪೇಪರ್ ಅಂಚಿನಲ್ಲಿ ತಾವೇ ನಾಲ್ಕರಿಂದ, ಐದರಿಂದ, ಆರರಿಂದ ಗುಣಿಸಿದರು. ಪ್ರತಿ ಸಲವೂ ಅದೇ ಆರು ಅಂಕಿಗಳು. ಏಳಕ್ಕೆ ಬಂದಾಗ 999999 ನಿಂತಿತು.

“ಅಯ್ಯೋ, ಹಳೇ ಮಂದಿಯೆಲ್ಲ ಎಲ್ಲಿಗೆ ಹೋದ್ರವ್ವ!” ಎಂದು ಅಜ್ಜಿ ಕೂಗಿದ ರೀತಿಗೆ ಮನೆಯೆಲ್ಲ ನಕ್ಕಿತು. ಚಿಕ್ಕಮ್ಮನೂ ಹೊರಗೆ ಬಂದರು.

ನನ್ನ ಪ್ರದರ್ಶನ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹುಡುಗ ತಲೆ ಎತ್ತಿ, “ಎಂಟರಿಂದ ಗುಣಿಸಿದ್ರೆ ಏನಾಗ್ತೈತ್ರಿ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಓದುವ ದಿನಗಳಿಂದಲೂ ಏಳಕ್ಕೇ ನಿಂತು ಚಪ್ಪಾಳೆ ಗಿಟ್ಟಿಸಿಕೊಂಡವಳು ನಾನು. ಇಬ್ಬರೂ ಮೊಬೈಲಿನ ಮೇಲೆ ಬಗ್ಗಿದೆವು. 1142856. ಆಟ ಕೆಟ್ಟಿತು ಎಂದುಕೊಂಡೆ. ಅವರು ಸ್ವಲ್ಪ ಹೊತ್ತು ನೋಡಿ, “ಮುಂದಿರೋ ಒಂದನ್ನ ತೆಗೆದು ಕೊನೇ ಆರಕ್ಕೆ ಕೂಡ್ಸಿ ನೋಡ್ರಿ,” ಎಂದರು. ಕೂಡಿಸಿದೆ. 142857!

ಆ ಸಂತೋಷ ಈಗಲೂ ನೆನಪಿದೆ. ಅವರ ಮುಖವನ್ನು ಆಗ ಮೊದಲ ಸಲ ಸರಿಯಾಗಿ ನೋಡಿದೆ. ಬಂದವರು ಹೊರಟ ಮೇಲೆ ಅಪ್ಪ “ಹೆಂಗವ್ವ?” ಎಂದು ಪೂರ್ತಿ ಕೇಳುವ ಮೊದಲೇ “ಹ್ಞೂಂ” ಅಂದಿದ್ದೆ.

ಈಗ ನಾವಿರುವುದು ಜಗಳೂರಿನಲ್ಲಿ. ಒಂದನ್ನು ಏಳರಿಂದ ಭಾಗಿಸಿದರೆ ದಶಮಾಂಶದಲ್ಲಿ ಮತ್ತೆ ಮತ್ತೆ ಬರುವ ಅಂಕಿಗಳೇ 142857. ಹೋದ ವಾರ ಇವರು ಒಂದನ್ನು ಹದಿನೇಳರಿಂದ ಭಾಗಿಸುತ್ತಾ ಕೂತು, ಹಾಗೆಯೇ ಸುತ್ತುವ ಹದಿನಾರು ಅಂಕಿಗಳ ಸಾಲೊಂದನ್ನು ಹಿಡಿದು ತಂದಿದ್ದಾರೆ: 0588235294117647. ಸೊನ್ನೆಯಿಂದ ಶುರುವಾಗುವುದನ್ನು ಹದಿನಾರು ಅಂಕಿಯ ಸಂಖ್ಯೆ ಎನ್ನಲಾಗದು ಎಂದು ನನ್ನ ವಾದ. “ಸೊನ್ನೆ ಏನು ಪಾಪ ಮಾಡೈತೆ?” ಎಂದು ಅವರದು. ಅಜ್ಜಿ ಮೊಮ್ಮಗನ ಪಕ್ಷ.